ಬೈರೇಶನ ಟೋಪಿ, ಹರ್ಷಿತಳ ಮುಡಿ

ನನ್ನ ಅಣ್ಣ ಬೈರೇಶನಿಗೆ ಬುದ್ಧಿಯಿಲ್ಲ ಅಂತ ನಾನು ಹೇಳುವುದಿಲ್ಲ. ಸೂಲಿಬೆಲೆಯ ಪಕ್ಕದ ನಮ್ಮೂರಲ್ಲಿ ಹಸು ಸಾಕಿ ಮನೆ ನಡೆಸುವವನು ಅವನೇ. ಆದರೆ ಕೂದಲಿನ ವಿಷಯ ಬಂದರೆ ಅವನನ್ನು ಹಿಡಿಯುವವರಿಲ್ಲ. ತೂಬಗೆರೆಯ ಹರ್ಷಿತಳನ್ನು ನೋಡಲು ಹೋದ ದಿನ ಇದ್ದಬದ್ದ ಕೂದಲನ್ನೆಲ್ಲ ಮುಂದಕ್ಕೆ ಬಾಚಿ ಬೋಳು ಮುಚ್ಚಿದ್ದ. ಮದುವೆ ಗೊತ್ತಾಗಿದ್ದೇ ತಡ, ಬೆಂಗಳೂರಿಗೆ ಓಡಿ ಹಿಂದಲೆಯ ಕೂದಲನ್ನು ಮುಂದಲೆಗೆ ನೆಡಿಸಿಕೊಂಡು ಬಂದ.

ನಿಜ ಹೇಳಿದ್ದು ನನಗೊಬ್ಬಳಿಗೆ. ಮಿಕ್ಕವರಿಗೆ, 'ತಲೆಯಲ್ಲಿ ಗಂಟಿತ್ತು, ಸಣ್ಣ ಆಪರೇಷನ್ ಆಯ್ತು' ಎಂದು ಬುರುಡೆ ಬಿಟ್ಟು, ಸಡಿಲವಾದ ಟೋಪಿ ಹಾಕಿಕೊಂಡು ತಿರುಗಿದ.

ಆರೈಕೆಯೆಲ್ಲ ನನ್ನ ಪಾಲಿಗೆ ಬಂತು. ದಿಂಬು ಎತ್ತರಿಸಿ ಒರಗಿಸಿ ಮಲಗಿಸುವುದು, ಕ್ಲಿನಿಕ್‌ನವರು ಕೊಟ್ಟ ಉಪ್ಪುನೀರು ಸಿಂಪಡಿಸುವುದು, ಅವರು ಹೇಳಿದ ದಿನದಿಂದ ಮಕ್ಕಳ ಶಾಂಪೂ ನೊರೆಯನ್ನು ತಲೆ ಮೇಲಿಟ್ಟು ಚೊಂಬಿನಿಂದ ಮೆಲ್ಲಗೆ ನೀರು ಬಿಡುವುದು. ಉಜ್ಜುವಂತಿಲ್ಲ, ಉಗುರು ತಾಗಿಸುವಂತಿಲ್ಲ. ಕೆರೆತ ಬಂದಾಗ ಮಹಾರಾಯ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಹಲ್ಲು ಕಚ್ಚುತ್ತಿದ್ದ. ಹಕ್ಕಳೆಯೆಲ್ಲ ತಾನಾಗೇ ಬಿದ್ದು, ಸಣ್ಣ ಕೂದಲು ಸಾಲಾಗಿ ನಿಂತಾಗ ಕನ್ನಡಿ ಬಿಟ್ಟು ಕದಲಲಿಲ್ಲ.

ಮದುವೆ ಹತ್ತಿರ ಬಂತು ಅನ್ನುವಾಗ ಆ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ಟವೆಲಿನಲ್ಲಿ, ಟೋಪಿಯೊಳಗೆ. ಹೀಗೆ ಆಗುತ್ತದೆ, ಬೇರು ಒಳಗೇ ಇರುತ್ತದೆ, ಮತ್ತೆ ಚಿಗುರಲು ಕೆಲವು ತಿಂಗಳು ಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವನಿಗೆ ಬೇಕಾದ್ದಷ್ಟೇ ಕಿವಿಗೆ ಬಿದ್ದಿತ್ತು.

"ಮದ್ವೆ ಮುಂದಕ್ಕೆ ಹಾಕ್ಬಿಡೋಣ ಕಣೇ ನವ್ಯಾ," ಎಂದ ಊಟದ ತಟ್ಟೆ ಸರಿಸಿ. "ಈ ತಲೆ ಇಟ್ಕೊಂಡು ಹಸೆಮಣೆ ಮೇಲೆ ಹೆಂಗ್ ಕೂರ್ಲಿ? ಬ್ಯಾಡ ಅಂದ್ಬಿಡ್ತಾಳೆ ಅವ್ಳು."

ಅಜ್ಜಿ ಅಕ್ಕಯಮ್ಮ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಎಣ್ಣೆ ಕಾಣದ ತಲೆ ಉದುರದೆ ಇನ್ನೇನಾಗುತ್ತದೆ ಎಂಬುದು ಅವಳ ಸಿದ್ಧಾಂತ. ಮಾರನೆಯ ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗಲೇ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ನೆತ್ತಿಗೆ ತಟ್ಟಿಯೇಬಿಟ್ಟಳು. ಅವನ ಕಿರುಚಾಟಕ್ಕೆ ನಾನು ಓಡಿ ಬಂದರೆ, ಅಜ್ಜಿ ತನ್ನ ಅಂಗೈಗೆ ಅಂಟಿದ ಕೂದಲನ್ನು ನೋಡುತ್ತಾ ಗೋಳೋ ಎಂದು ಅಳುತ್ತಿದ್ದಳು. "ನನ್ ಕೈಯಾರೆ ಕಿತ್ತಾಕ್ಬಿಟ್ನಲ್ಲೋ ಮಗಾ!"

ಕ್ಲಿನಿಕ್‌ಗೆ ಫೋನ್ ಮಾಡಿದೆ. ನರ್ಸು ನಕ್ಕರು. "ಈಗಾಗ್ಲೇ ಬೇರು ಕಚ್ಕೊಂಡಿರುತ್ತಮ್ಮ. ಕೈಗೆ ಬಂದಿರೋದು ಹೆಂಗೂ ಉದುರೋ ಕೂದ್ಲು. ರಕ್ತ, ಕೀವು, ಊತ ಇಲ್ಲ ತಾನೆ? ಶಾಂಪೂ ಹಾಕಿ ಮೆಲ್ಲಗೆ ತೊಳೀರಿ, ಎಣ್ಣೆ ಮಾತ್ರ ಸದ್ಯಕ್ಕೆ ಬೇಡ."

ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಣ್ಣನ ಮೊಬೈಲಿಗೆ ಹರ್ಷಿತಳ ವಿಡಿಯೋ ಕಾಲ್. ಕಟ್ ಮಾಡಲು ಹೋದ ಅವನ ಎಣ್ಣೆ ಬೆರಳು ಜಾರಿ ಕಾಲ್ ಹತ್ತಿಕೊಂಡಿತು. ಎಣ್ಣೆ ಸುರಿಯುವ ತಲೆ, ಹಿಂದೆ ಅಳುವ ಅಜ್ಜಿ, ಎಲ್ಲವೂ ಅವಳಿಗೆ ಕಂಡಿತು.

"ಅಜ್ಜಿ ಯಾಕ್ರೀ ಅಳ್ತಿದಾರೆ?" ಎಂದಳು. "ಗಂಟು ಮತ್ತೆ ಬಂತಾ? ನಮ್ಮೂರಲ್ಲೆಲ್ಲ ನಿಮ್ಗೆ ತಲೇಲಿ ಗೆಡ್ಡೆ ಅಂತಿದಾರೆ. ಅಪ್ಪ ಈ ಸಂಬಂಧನೇ ಬ್ಯಾಡ ಅಂದ್ರು. ಏನಾದ್ರೂ ಆಗ್ಲಿ, ಅವರನ್ನೇ ಆಗೋದು ಅಂತ ನಾನೇ ಹಠ ಹಿಡಿದು ಕೂತಿದೀನಿ. ನಿಮ್ ತಲೆ ವಾಸಿಯಾದ್ರೆ ಘಾಟಿ ಸುಬ್ರಮಣ್ಯಂಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದೀನಿ. ನಿಜ ಹೇಳಿ."

ಅವಳ ಜಡೆ ಸೊಂಟದ ಕೆಳಗೆ ಬರುತ್ತಿತ್ತು. ನನಗೆ ಅಣ್ಣನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅವನು ಹಣೆಗಿಳಿದ ಎಣ್ಣೆ ಒರೆಸಿಕೊಳ್ಳುತ್ತಾ, "ಗಂಟೂ ಇಲ್ಲ, ಏನೂ ಇಲ್ಲ ಕಣ್ರೀ," ಎಂದ. "ಬೋಳು ಅಂತ ಕೂದ್ಲು ನೆಡಿಸ್ಕೊಂಡೆ. ಅದೂ ಉದುರ್ತಾ ಇದೆ. ಬೇಜಾರಾದ್ರೆ ಮದ್ವೆ ಬ್ಯಾಡ ಅನ್ನಿ."

ಅವಳು ಅತ್ತಳು, ನಕ್ಕಳು, ಆಮೇಲೆ ಚೆನ್ನಾಗಿ ಬೈದಳು. ಬೋಳು ಹೆಣ್ಣು ನೋಡಲು ಹೋದ ದಿನವೇ ಕಂಡಿತ್ತಂತೆ; ಫ್ಯಾನಿನ ಗಾಳಿಗೆ ಬಾಚಿದ ಕೂದಲು ಎದ್ದು ನಿಂತಿತ್ತಂತೆ. ಗೊತ್ತು ಮಾಡಿದ್ದ ಮುಹೂರ್ತಕ್ಕೇ ಮದುವೆ ನಡೆಯಿತು.

ಮದುವೆಯ ಮರುವಾರ ಹರ್ಷಿತ ಘಾಟಿಗೆ ಹೊರಟು ನಿಂತಳು. ಅಣ್ಣ ಅಂಗಲಾಚಿದ. "ಗಂಟೇ ಇರ್ಲಿಲ್ಲವಲ್ಲ, ಹರಕೆ ಯಾಕೆ?"

"ನಾನ್ ಬೇಡ್ಕೊಂಡಿದ್ದು ನಿಮ್ ತಲೆ ಚೆನ್ನಾಗಿರ್ಲಿ ಅಂತ. ಚೆನ್ನಾಗಿದೆ ತಾನೆ? ಕೊಟ್ಟ ಮಾತು ಕೊಟ್ಟಿದ್ದೇ."

ಮುಡಿ ಕೊಟ್ಟು ಬಂದ ಅವಳ ತಲೆಗೆ ಅಣ್ಣನೇ ನೀರು ಹಾಕಿದ. ಮಕ್ಕಳ ಶಾಂಪೂ, ಚೊಂಬು, ಉಗುರು ತಾಗದ ಹಾಗೆ, ಥೇಟ್ ನಾನು ಅವನಿಗೆ ಮಾಡಿದಂತೆ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಮಾತ್ರ ತಲೆ ಎಷ್ಟು ಹಗುರಾಗಿದೆ ಎಂದು ನಗುತ್ತಿದ್ದಳು.

ಅವನ ಕೂದಲು ಚಿಗುರಿತು ಅನ್ನಿ. ಮೊದಲು ಕಂಡಿದ್ದು ಅಜ್ಜಿಗೆ, "ಎಲ್ಲಾ ನನ್ ಹರಳೆಣ್ಣೆ" ಎಂದಳು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಕ್ಕೂ ಮೊದಲಿನ ಒಂದು ಸಂತೆಯ ದಿನ. ಅವನ ಮುಂದಲೆ ಇನ್ನೂ ಬೋಳು, ಅವಳದು ಇಡೀ ತಲೆ. ಇಬ್ಬರೂ ಬರಿತಲೆಯಲ್ಲಿ ಸೂಲಿಬೆಲೆಗೆ ಹೊರಟಿದ್ದರು.

"ಅಣ್ಣಾ, ಟೋಪಿ ಮರ್ತ್ಬಿಟ್ಯಲ್ಲೋ," ಎಂದು ಕೂಗಿದೆ.

"ಅವ್ಳೇ ಹಾಕ್ಕೊಂಡಿಲ್ಲ, ನಂಗ್ಯಾಕೇ?" ಎಂದವನು ಬೈಕ್ ಸ್ಟಾರ್ಟ್ ಮಾಡಿದ.