ಸಿದ್ದಗಂಗಿ ಕೇಳಿದ್ದು

ಹೊನ್ನವಳ್ಳಿಯ ಆ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವ ದಿನ. ೧೯೮೧ರ ಬೇಸಿಗೆ. ಕಲ್ಲಮ್ಮ ಜಗುಲಿಯಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಸದ್ದು ಮಾಡಿದವನ್ನು ಬೇರೆ ಹಾಕುತ್ತಿದ್ದಳು. ಮಂಕರಿಯಲ್ಲಿ ಕಾಯಿ ತರುತ್ತಿದ್ದ ಮೊಮ್ಮಗಳು ಗಿರಿಜಾ ನಡುವೆಯೇ ಹೊಟ್ಟೆ ಹಿಡಿದುಕೊಂಡು ಕುಸಿದಳು.

“ಅಜ್ಜೀ, ತಡ್ಕಳಾಕಾಗ್ತಿಲ್ಲ. ತಿಪಟೂರಿಗೆ ಕರ್ಕಂಡೋಗು. ಅಲ್ಲಿ ಹೆಂಗಸ್ರ ಡಾಕ್ಟ್ರಮ್ಮ ಅವ್ರಂತೆ.”

“ಸುಮ್ನಿರೇ. ಮದ್ವೆ ಆಗ್ದಿರೋ ಹುಡುಗಿ ಆ ಬಾಗ್ಲಿಗೋದ್ರೆ ಊರ ಬಾಯಿ ಮುಚ್ಚಾಕಾಯ್ತದಾ? ಜೀರಿಗೆ ಕಷಾಯ ಕಾಸ್ಕೊಡ್ತೀನಿ, ಕುಡಿ.”

ಗಿರಿಜಾಗೆ ಹದಿನಾರು. ತಾಯಿ ಬಾಣಂತಿತನದಲ್ಲೇ ಹೋದ ಮೇಲೆ ಅಜ್ಜಿಯೇ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಪ್ರೀತಿಗೇನೂ ಕೊರತೆಯಿರಲಿಲ್ಲ. ಆದರೆ ಹುಡುಗಿಗೆ ಮುಟ್ಟು ತಪ್ಪುತ್ತಿತ್ತು, ಬಂದರೆ ನಿಲ್ಲುತ್ತಿರಲಿಲ್ಲ, ಕಿಬ್ಬೊಟ್ಟೆಯ ಬಲಕ್ಕೆ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ಇದನ್ನು ಹೇಳಿದಾಗಲೆಲ್ಲ ಅಜ್ಜಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬೀದಿಯ ಕಡೆ ನೋಡುತ್ತಿದ್ದಳು.

ಕಲ್ಲಮ್ಮನ ಭಯಕ್ಕೆ ಇನ್ನೊಂದು ಬೇರಿತ್ತು. ಅವಳ ಮಗಳು ಸಿದ್ದಗಂಗಿ ಇದೇ ಮನೆಯಲ್ಲಿ, ಇದೇ ವಯಸ್ಸಿನಲ್ಲಿ, ಹೊಟ್ಟೆನೋವಿನಿಂದಲೇ ಸತ್ತಿದ್ದಳು. ಅವಳು ಮಲಗುತ್ತಿದ್ದ ನಡುಮನೆಯ ಮೂಲೆಯಲ್ಲಿ ಈಗಲೂ ಯಾರೂ ಚಾಪೆ ಹಾಸುತ್ತಿರಲಿಲ್ಲ. ಅಟ್ಟದಲ್ಲಿ ಕಾಯಿ ಉರುಳಿದರೆ ಆ ಮೂಲೆಯಲ್ಲಿ ಮಗಳು ಮಗ್ಗುಲು ಬದಲಿಸಿದಂತೆ ಕಲ್ಲಮ್ಮನಿಗೆ ಕೇಳುತ್ತಿತ್ತು. ಗಿರಿಜಾಗೆ ನೋವು ಶುರುವಾದಾಗ, ಸತ್ತವಳೇ ಇವಳನ್ನು ಹಿಡಿದಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು.

ಗಿರಿಜಾಳ ತಂದೆ, ಕಲ್ಲಮ್ಮನ ಮಗ ಮರುಳಸಿದ್ದಯ್ಯನೂ ಗಾಳಿ ಬಿಡಿಸಲು ಒಪ್ಪಿದ. “ಗಾಳಿ ಅಂದ್ರೆ ನೋಡಾಕ್ ಬರೋ ಗಂಡಿನೋರು ‘ಬುಡ್ಸಿ, ಆಮ್ಯಾಕೆ ಬತ್ತೀವಿ’ ಅಂತಾರೆ. ಆಸ್ಪತ್ರೆ ಅಂದ್ರೆ ಈ ಕಡೀಕೆ ತಲೇನೇ ಹಾಕಾಕಿಲ್ಲ. ನಾನೇನ್ ಮಗಳಿಗೆ ಶತ್ರುನೇನವ್ವ?”

ಆ ಮನೆಯಲ್ಲಿ ದೆವ್ವಕ್ಕಿದ್ದ ಮರ್ಯಾದೆ ಡಾಕ್ಟರಿಗಿರಲಿಲ್ಲ.

ಗಾಳಿ ಬಿಡಿಸುವ ಸಣ್ಣತಿಮ್ಮಯ್ಯ ಮರುದಿನ ಮಧ್ಯಾಹ್ನ ಬಂದ. ಗಿರಿಜಾಳನ್ನು ಅಂಗಳದಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಬೇವಿನ ಸೊಪ್ಪಿನಿಂದ ಬೆನ್ನಿಗೆ ಬಡಿದ. “ಯಾರವ್ವ ನೀನು? ಹೇಳು.”

ಹುಡುಗಿ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಕೊಂಡಳು. ನೋವಿಗೆ ತುಟಿ ಕಚ್ಚಿ ರಕ್ತ ಬಂದಿತ್ತು. ಆಮೇಲೆ ತಲೆ ಎತ್ತದೆ, “ಸಿದ್ದಗಂಗಿ” ಎಂದಳು.

ಕಲ್ಲಮ್ಮ ಕಂಬ ಹಿಡಿದುಕೊಂಡಳು.

“ಏನ್ ಬೇಕು ಕೇಳು. ಸೀರೆ ಬೇಕಾ, ಬಳೆ ಬೇಕಾ? ಇಸ್ಕಂಡು ಹೊಂಟೋಗು,” ಎಂದ ಸಣ್ಣತಿಮ್ಮಯ್ಯ.

“ಸೀರೆ ಬ್ಯಾಡ. ನನ್ನ ತಿಪಟೂರು ಡಾಕ್ಟ್ರಮ್ಮನ ತಾವ ಕರ್ಕಂಡೋಗ್ರಿ. ಆಮ್ಯಾಕೆ ಬುಟ್ಟೋಯ್ತೀನಿ.”

ಸಣ್ಣತಿಮ್ಮಯ್ಯ ಸೊಪ್ಪು ಕೆಳಗಿಟ್ಟ. ಯಾವ ದೆವ್ವವೂ ಅವನನ್ನು ಇಂಥದ್ದು ಕೇಳಿರಲಿಲ್ಲ. ಆದರೆ ಕೇಳಿದ್ದನ್ನು ಕೊಡದೆ ಗಾಳಿ ಬಿಡುವುದಿಲ್ಲ ಎಂದು ಊರಿಗೆಲ್ಲ ಹೇಳಿದವನೇ ಅವನು. “ಕರ್ಕಂಡೋಗ್ಲೇಬೇಕು ಕಣಪ್ಪ,” ಎಂದು ಮರುಳಸಿದ್ದಯ್ಯನಿಗೆ ಹೇಳಿದ. ಸಂಜೆಯ ಬಸ್ಸಿಗೇ ಹೊರಟರು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಅಂಡಾಶಯದಲ್ಲಿ ನೀರುಗಂಟು ಬೆಳೆದಿದೆ, ತಿರುಚಿಕೊಳ್ಳುತ್ತಿರುವಂತಿದೆ, ತಡಮಾಡಿದರೆ ಜೀವಕ್ಕೆ ಅಪಾಯ ಎಂದರು. “ಇದು ಯಾರ ತಪ್ಪೂ ಅಲ್ಲ. ಈ ವಯಸ್ಸಿನ ಹುಡುಗೀರಿಗೂ ಗಂಟು ಬರುತ್ತೆ. ಇಷ್ಟು ದಿನ ಯಾಕಮ್ಮ ಕರ್ಕೊಂಡು ಬರಲಿಲ್ಲ?” ಅಂದೇ ರಾತ್ರಿ ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಆಪರೇಷನ್ ಮಾಡಿ ಗಂಟಿನ ಜೊತೆ ಆ ಅಂಡಾಶಯವನ್ನೂ ತೆಗೆದರು. ಇನ್ನೊಂದು ಅಂಡಾಶಯ ಚೆನ್ನಾಗಿದೆ, ಮುಂದೆ ಮದುವೆ, ಮಕ್ಕಳಿಗೆ ಏನೂ ತೊಂದರೆಯಿಲ್ಲ ಎಂದರು.

ಗಿರಿಜಾ ಎದ್ದು ಗಂಜಿ ಕುಡಿದ ದಿನ ಕಲ್ಲಮ್ಮ ಮಂಚದ ಹತ್ತಿರ ಬಗ್ಗಿದಳು. “ದಿಟ ಹೇಳು ಮಗಾ. ಅವತ್ತು ಮಾತಾಡ್ದೋಳು ಅವಳಾ?”

“ಇಲ್ಲ ಅಜ್ಜಿ, ನಾನೇ. ನಾನು ಕೇಳ್ದಾಗ ಯಾರೂ ಎದ್ದೇಳ್ಲಿಲ್ಲ. ಅದ್ಕೇ ಅತ್ತೆ ಹೆಸ್ರು ಹೇಳ್ದೆ. ಬೈಬ್ಯಾಡ.”

ಕಲ್ಲಮ್ಮ ಬೈಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. “ಅವಳೂ ಇದನ್ನೇ ಕೇಳಿದ್ಲು ಕಣೇ. ಅವ್ವಾ, ಆಸ್ಪತ್ರೆಗೆ ಕರ್ಕಂಡೋಗು ಅಂತ ನನ್ನ ಸೆರಗು ಹಿಡ್ಕಂಡಿದ್ಲು. ನಾನು ಸೆರಗು ಬುಡುಸ್ಕಂಡೆ.”

ಸಿದ್ದಗಂಗಿಯ ಹೊಟ್ಟೆಯಲ್ಲಿದ್ದದ್ದೂ ಇದೇ ಗಂಟೋ ಬೇರೇನೋ, ಇನ್ನು ಹೇಳುವವರಿಲ್ಲ.

ಮಧ್ಯಾಹ್ನ ಊರಿಂದ ಪಕ್ಕದ ಮನೆಯ ಚಿಕ್ಕಗೌರಮ್ಮ ಆಸ್ಪತ್ರೆಗೆ ನೋಡಲು ಬಂದಳು. ಸುತ್ತ ನೋಡಿ ದನಿ ತಗ್ಗಿಸಿ ಕೇಳಿದಳು: “ಏನಂತೆ ಕಲ್ಲಮ್ಮಾರೇ? ಊರಲ್ಲಿ ಗಾಳಿ ಅಂತಾವ್ರೆ.”

“ಗಾಳಿ ಅಲ್ಲ ಕಣವ್ವ, ಗರ್ಭಚೀಲದ ಪಕ್ಕ ಗಂಟು,” ಎಂದಳು ಕಲ್ಲಮ್ಮ, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. “ನಿನ್ ಮಗಳೂ ತಿಂಗ್ಳು ತಿಂಗ್ಳೂ ಒದ್ದಾಡ್ತಾಳಲ್ಲ, ನಾಳೆ ಬಸ್ಸಿಗೇ ಕರ್ಕಂಡ್ಬಾ. ಅವಳು ಬದುಕಿರುವಾಗ್ಲೇ ಅವಳ ಮಾತು ಕೇಳು.”