ಮೇಜಿನ ಮೇಲೆ ಬೆಳಕು

ಗೊಡೆಲೀವ ಮೇಜಿನ ಮೇಲಿದ್ದ ಹೂಜಿಯ ಹಿಡಿಗೆ ಕೈ ಹಾಕಿದ್ದಳಷ್ಟೆ, ಹಿಂದಿನಿಂದ ರೋಂಬೌಟ್ ತಡೆದ.

"ಮುಟ್ಟಬೇಡಿ ಮೇಡಂ."

ಅವಳ ಗಂಡ ಫಿರ್ಮಿನ್ ಕೆತ್ತಿದ ಚಿತ್ರಗಳನ್ನು ಮಾರುವ ಗ್ಯಾಲರಿಯವನು ಅವನು. ಫಿರ್ಮಿನ್‌ನನ್ನು ಮಣ್ಣು ಮಾಡಿ ಈಗಷ್ಟೇ ಬಂದಿದ್ದರು, ಸ್ಮಶಾನದ ಕೆಸರು ಇನ್ನೂ ಅವನ ಬೂಟಿನಲ್ಲೇ ಇತ್ತು.

"ಜನ ಬರ್ತಿದಾರೆ. ಕಾಫಿ, ಬನ್ನು ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?"

"ಇದು ಅವರ ಕೊನೇ ಚಿತ್ರ. ತಾಮ್ರದ ತಗಡಲ್ಲಿ ಅರ್ಧ ಆಗಿದೆ, ಇನ್ನರ್ಧ ಈ ಮೇಜಿನ ಮೇಲೇ ಇದೆ. ಹೀಗೇ ಬಿಟ್ರೆ ಮ್ಯೂಸಿಯಮ್ಮಿನವರು ಮೇಜಿನ ಸಮೇತ ತಗೊಂಡು ಹೋಗ್ತಾರೆ."

ಅದು ಗೊಡೆಲೀವಳ ತಾಯಿ ಮದುವೆಗೆ ಕೊಟ್ಟ ಓಕ್ ಮೇಜು. ಮೆಕೆಲೆನ್ ಊರಿನಲ್ಲಿ ಮಣ್ಣು ಮಾಡಿ ಬಂದವರನ್ನು ಕಾಫಿ ಕೊಡದೆ ಕಳಿಸುವುದಿಲ್ಲ. ಬಾಡಿಗೆಗೆ ಒಂದು ಹಾಲ್ ಹಿಡಿಯೋಣ ಅಂತ ಮಗಳು ವೇರ್ಲ ಜಪ್ಪಯ್ಯ ಅಂದರೂ ಅವಳು ಒಪ್ಪಿರಲಿಲ್ಲ. ಇವತ್ತಾದರೂ ಜನ ತನ್ನ ಮೇಜಿಗೆ ಕೂತು ತಿನ್ನಬೇಕು ಎಂಬುದು ಅವಳ ಹಟ.

*

ಬದುಕಿದ್ದಷ್ಟು ಕಾಲ ಫಿರ್ಮಿನ್ ಈ ಮೇಜಿಗೆ ಬೆನ್ನು ಹಾಕಿ ಕೂರುತ್ತಿದ್ದ. ತಗಡಿನ ಚಿತ್ರ ಕಾಗದದ ಮೇಲೆ ಎಡಬಲ ತಿರುಗಿ ಅಚ್ಚಾಗುತ್ತದೆ. ಅದಕ್ಕೇ ಎದುರಿಗೊಂದು ಕನ್ನಡಿ ನಿಲ್ಲಿಸಿ, ಅದರೊಳಗೆ ಹೂಜಿ, ಚಾಕು, ಅಕ್ರೋಟು ನೋಡುತ್ತ ಕೆತ್ತುತ್ತಿದ್ದ. ಸಾಮಾನು ಜರುಗಬಾರದೆಂದು ಪ್ರತಿಯೊಂದರ ಸುತ್ತ ಸೀಮೆಸುಣ್ಣದ ಗೆರೆ. ಒಂದು ಚಿತ್ರ ಮುಗಿಯಲು ವರ್ಷ ಬೇಕು, ಮುಗಿದ ಮರುದಿನವೇ ಇನ್ನೊಂದು ಶುರು. ಮೇಜಿದ್ದ ಆ ಕೋಣೆಯ ಬೆಳಕೇ ಆಗಬೇಕಿತ್ತು ಅವನಿಗೆ. ಗೇಣಗಲದ ಅಡುಗೆಮನೆಯಲ್ಲಿ ತಾಯಿ ಮಗಳು ಗೋಡೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಿದ್ದರು.

ವೇರ್ಲ ಚಿಕ್ಕವಳಿದ್ದಾಗ, ಚರ್ಚಿನಲ್ಲಿ ಅವಳಿಗೆ ಮೊದಲ ಪರಮಪ್ರಸಾದ ಸಿಕ್ಕ ಹಬ್ಬದ ದಿನ, ಮಗು ಬಿಳಿ ಲಂಗ ಹರಡಿಕೊಂಡು ಮೇಜಿನ ಕೊನೆಯ ಕುರ್ಚಿ ಹತ್ತಿ ಕೂತಿತ್ತು.

"ಇಳಿ. ಹೂಜಿ ಮೇಲೆ ನಿನ್ನ ನೆರಳು ಬೀಳ್ತಿದೆ." ಅವನು ತಿರುಗಲಿಲ್ಲ, ಕನ್ನಡಿಗೆ ಹೇಳಿದ.

"ಇವತ್ತೊಂದಿನ ಕೂತ್ಕೊಳ್ಳಲಿ ಬಿಡು," ಅಂದಳು ಗೊಡೆಲೀವ.

"ಬೆಳಕು ನಿಮಗೋಸ್ಕರ ಕಾಯ್ತಾ ಕೂರುತ್ತಾ?"

ಮಗು ಇಳಿಯಿತು. ಆ ವರ್ಷದ ಚಿತ್ರ ಈಗಲೂ ಮ್ಯೂಸಿಯಮ್ಮಿನಲ್ಲಿದೆ. ಅದರ ಮುಂದೆ ನಿಂತವರು ಆಹಾ, ಎಂಥ ಮೌನ ಅನ್ನುತ್ತಾರೆ.

*

"ಸ್ಮಶಾನದಲ್ಲಿ ಏನೋ ಭಾಷಣ ಮಾಡಿದ್ರಲ್ಲ," ಅಂದಳು ಗೊಡೆಲೀವ. "ಇನ್ನೊಂದ್ಸಲ ಹೇಳಿ."

ರೋಂಬೌಟ್ ಗಂಟಲು ಸರಿಮಾಡಿಕೊಂಡ. "ಬಡವರ ಮನೆ ಊಟದ ಮೇಜನ್ನ ಇವರಷ್ಟು ಪ್ರೀತಿಸಿದವರು ಯಾರೂ ಇಲ್ಲ ಅಂತ."

"ಚೆನ್ನಾಗಿ ಹೇಳಿದ್ರಿ. ಈಗ ಪಕ್ಕಕ್ಕೆ ಸರೀರಿ."

ಅವಳು ಹೂಜಿ ಎತ್ತಿ ಅವನ ಕೈಗೆ ಕೊಟ್ಟಳು. ಚಾಕು, ಅಕ್ರೋಟುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಒದ್ದೆ ಬಟ್ಟೆಯಿಂದ ಸೀಮೆಸುಣ್ಣ ಒರೆಸುವಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಇಷ್ಟು ಸುಲಭವಾಗಿ ಹೋಗುತ್ತದಲ್ಲ ಅಂತ.

ಜನ ಬಂದರು. ಬನ್ನು, ಚೀಸು, ಕಾಫಿ ಎಲ್ಲ ಮೇಜಿನ ಮೇಲಿತ್ತು. ಕೈ ಚಾಚಿ ತಗೊಂಡು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಈ ಮನೆಯ ಪದ್ಧತಿ ಊರಿಗೇ ಗೊತ್ತಿತ್ತು.

"ಕೂತ್ಕೊಳ್ಳಿ, ಕುರ್ಚಿ ಇವೆಯಲ್ಲ."

"ಇರಲಿ ಬಿಡಿ, ಇಲ್ಲೇ ಆರಾಮಿದೀವಿ," ಅಂದಳು ಪಕ್ಕದ ಮನೆಯಾಕೆ.

ಗೊಡೆಲೀವ ತಾನೇ ಕುರ್ಚಿ ಎಳೆದು ಕೂತಳು. ಹತ್ತು ಜನ ಹಿಡಿಯುವ ಮೇಜಿಗೆ ಅವಳೊಬ್ಬಳೇ.

"ವೇರ್ಲ, ನೀನಾದ್ರೂ ಬಾರೇ."

ಐವತ್ತು ದಾಟಿದ ಮಗಳು ತಟ್ಟೆಯನ್ನು ಎದೆಗೆ ಆನಿಸಿಕೊಂಡಿದ್ದಳು.

"ಕೂತ್ರೆ ನಂಗೆ ತುತ್ತು ಇಳಿಯಲ್ಲಮ್ಮ," ಅಂದಳು. ಕಿಟಕಿಯ ಬೆಳಕಿಗೆ ಅಡ್ಡವಾಗದಂತೆ ಗೋಡೆಗೆ ಇನ್ನಷ್ಟು ಒತ್ತಿ ನಿಂತು ಬನ್ನು ಕಚ್ಚಿದಳು.