ಅಮ್ಮಂದಿರ ಗ್ರಾಮರ್ ಕ್ಲಾಸು

ಮೇಡಂ ಮುಂದಿನ ಹಲ್ಲಿಗೆ ಲಿಪ್‌ಸ್ಟಿಕ್ ಮೆತ್ತಿಕೊಂಡಿದೆ, ಹೇಳೋಣವೆಂದರೆ ಇಂಗ್ಲಿಷಿನಲ್ಲೇ ಹೇಳಬೇಕು, ಈ ಕೋಣೆಯಲ್ಲಿ ಕನ್ನಡ ಆಡಕೂಡದಂತೆ, ಹಾಗಾಗಿ ತಾಯಂದಿರೆಲ್ಲ ಆ ಕೆಂಪು ಹಲ್ಲನ್ನೇ ನೋಡುತ್ತಾ ಕೂತಿದ್ದೇವೆ, ಇರಲಿ ಬಿಡು, ಹಾಗೇ ಮನೆಗೆ ಹೋಗಲಿ — ಐ ಗೋ, ಯೂ ಗೋ, ಶೀ ಗೋಸ್ — ಅವಳಿಗೊಬ್ಬಳಿಗೆ ಯಾಕೆ ಆ ಬಾಲ, ವೈ ಮ್ಯಾಮ್ ಎಂದು ಕೇಳಿದರೆ, ದಟ್ ಈಸ್ ದ ರೂಲ್ ನಯನಾ, ರೂಲಂತೆ, ಈ ಸುಷ್ಮಿತಾ ಮೇಡಂಗೆ ಅದಕ್ಕಿಂತ ಹೆಚ್ಚು ಗೊತ್ತಿದ್ದರೆ ತಾನೇ ಹೇಳುವುದಕ್ಕೆ, ವಿಜಯನಗರದ ಈ ಸ್ಕೂಲಿನವರಿಗೆ ಮಕ್ಕಳಿಂದ ಸುಲಿದದ್ದು ಸಾಲದು, ಮಕ್ಕಳ ಪುಟಾಣಿ ಬೆಂಚಿನ ಮೇಲೆ ತಾಯಂದಿರನ್ನೂ ಕೂರಿಸಬೇಕು, ಮಂಡಿ ಬಂದು ಗಲ್ಲಕ್ಕೆ ತಾಗುತ್ತದೆ, ಪಕ್ಕದ ಅಂಬುಜಾ ಕುವೆಂಪುನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು, ಹುಬ್ಬು ತಿದ್ದುತ್ತಲೇ ಗಿರಾಕಿಗಳ ಸಂಸಾರದ ಗುಟ್ಟನ್ನೆಲ್ಲ ಹೊರಗೆಳೆಯುವ ಬಾಯಿ, ಇಲ್ಲಿ ಎಸ್ ಮ್ಯಾಮ್, ನೋ ಮ್ಯಾಮ್, ನಾಚಿಕೆಗೆಟ್ಟವಳು, ನಾನೇನು ಕಮ್ಮಿ, ನಾನೂ ಎಸ್ ಮ್ಯಾಮ್ ಎಂದವಳೇ.

ಎಲ್ಲ ಅಶೋಕನ ಆಟ, ಈ ಕ್ಲಾಸಿಗೆ ನನ್ನನ್ನು ತಳ್ಳಿದವನೂ ಅವನೇ, ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮೇಲಿನವರು ಇಂಗ್ಲಿಷಿನಲ್ಲಿ ಬೈದರೆ ತಲೆ ತಗ್ಗಿಸಿ ನಿಲ್ಲುವ ಗಂಡಸು, ಮನೆಗೆ ಬಂದು ಹೆಂಡತಿಯ ಮೇಲೆ ಕಾನೂನು ಮಾಡುತ್ತಾನೆ — ಮಗಿನ ಮುಂದೆ ಕನ್ನಡ ಮಾತಾಡಬ್ಯಾಡ ಕಣೆ, ಇಂಗ್ಲಿಷ್ ಬರ್ದಿದ್ರೆ ಒಂದ್ನೇ ಕ್ಲಾಸ್‌ಗೆ ತಕ್ಕಳಲ್ವಂತೆ, ಪ್ರಿನ್ಸಿಪಾಲ್ರೇ ಅಂದ್ಬುಟ್ರು — ಅಂದ್ಬುಟ್ರು ಅಂತೆ, ಸಂಜೆ ಬುದ್ಧನ ಫೋಟೋ ಮುಂದೆ ಹೇಳುವ ವಂದನೆಗೆ ಮಾತ್ರ ಅಪ್ಪಣೆ ಕೊಟ್ಟಿದ್ದಾನೆ ಮಹಾರಾಯ, ಅದು ಪಾಲಿ ಭಾಷೆ, ಕನ್ನಡವಲ್ಲವಲ್ಲ, ಮಿಕ್ಕಂತೆ ನಾನು ಮಗಳಿಗೆ ಏನು ಹೇಳಲಿ, ಕಮ್, ಈಟ್, ಸ್ಲೀಪ್, ಹೆತ್ತ ಮಗಳಿಗೆ ನಾಯಿಗೆ ಹೇಳಿದ ಹಾಗೆ ಮೂರು ಮಾತು, ನಲ್ಲಿ ಜಗಳದಲ್ಲಿ ಎದುರಿಗೆ ಯಾರನ್ನೂ ನಿಲ್ಲಗೊಡದ ನಯನಾ ಈಗ ಸಾರು ಬಡಿಸುವಾಗಲೂ ಸುಮ್ಮನೆ, ಸಂಘಮಿತ್ರಳೂ ಸುಮ್ಮನೆ, ಐದು ವರ್ಷದ ಮಗು, ಮೊನ್ನೆಮೊನ್ನೆಯವರೆಗೂ ಅಮ್ಮಾ ಇರುವೆಗೆ ನಿದ್ದೆ ಬತ್ತದಾ, ಅಮ್ಮಾ ತಾತನ ಮೀಸೆ ಯಾಕೆ ಬೆಳ್ಳಗದೆ ಎಂದು ತಲೆ ತಿನ್ನುತ್ತಿತ್ತು, ಈಗ ಏನಾದರೂ ಕೇಳಬೇಕೆಂದರೆ ಮೊದಲು ನನ್ನ ಮುಖ ನೋಡುತ್ತದೆ, ಆಮೇಲೆ ಬೇಡವೆಂದು ಬಿಟ್ಟುಬಿಡುತ್ತದೆ, ನನ್ನ ಮಗು ನನ್ನ ಕೈಯಿಂದ ಜಾರಿಹೋಗುತ್ತಿದೆ, ಈ ಹೆಂಗಸು ಬೋರ್ಡಿನ ಮೇಲೆ ಪಾಸ್ಟ್ ಟೆನ್ಸ್ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದಾಳೆ, ಅದೂ ಸೊಟ್ಟಗೆ.

ಬಾಗಿಲು ತಳ್ಳಿದ್ದು ಯಾರು — ಸಂಘಮಿತ್ರ, ಅಂಗಳದಲ್ಲಿ ಮಕ್ಕಳ ಜೊತೆ ಆಡುತ್ತಿದ್ದವಳು, ಮಂಡಿ ಕಿತ್ತುಹೋಗಿ ರಕ್ತ ಬಿಳಿ ಕಾಲುಚೀಲಕ್ಕೆ ಇಳಿದಿದೆ, ಕಣ್ಣು ತುಂಬಿದೆ, ಬಾಯಿ ತೆರೆದಿದೆ, ಕೂಗು ಬರುತ್ತಿಲ್ಲ, ಮೇಡಂ ಕಡೆ ನೋಡುತ್ತಾಳೆ, ನನ್ನ ಕಡೆ ನೋಡುತ್ತಾಳೆ, ಅಯ್ಯೋ, ಹುಡುಕುತ್ತಿದ್ದಾಳೆ, ಬಿದ್ದುಬಿಟ್ಟೆ ಅನ್ನುವುದಕ್ಕೆ ಇಂಗ್ಲಿಷ್ ಹುಡುಕುತ್ತಿದ್ದಾಳೆ, ನೋಯುತ್ತಿದೆ ಅನ್ನುವುದಕ್ಕೆ, ಸಿಗುತ್ತಿಲ್ಲ, ಬಾರವ್ವ ನನ್ ಕಂದ ಎಂದು ಬಾಚಿ ಎತ್ತಿಕೊಳ್ಳಬೇಕು, ಎದ್ದಿದ್ದೇನೆ, ಬೆಂಚು ಉರುಳಿದೆ, ನನ್ನ ಬಾಯಿಂದ ಬಂದದ್ದು — ವಾಟ್ ಹ್ಯಾಪನ್ಡ್ — ವೆರಿ ಗುಡ್ ನಯನಾ, ಕರೆಕ್ಟ್ ಸೆಂಟೆನ್ಸ್, ಮೇಡಂ ಚಪ್ಪಾಳೆ ತಟ್ಟುತ್ತಿದ್ದಾಳೆ, ಅಂಬುಜಾ ತಟ್ಟುತ್ತಿದ್ದಾಳೆ, ಎಲ್ಲರೂ, ಥೂ, ನನ್ನ ನಾಲಿಗೆಗೆ ಹುಳ ಬೀಳಲಿ, ಮಗು ಒಂದು ಹೆಜ್ಜೆ ಹಿಂದೆ ಸರಿಯಿತು, ನನ್ನಿಂದ, ಬಾಯಿ ಹಾಗೇ ತೆರೆದಿದೆ, ಸದ್ದಿಲ್ಲ, ಆ ಬಾಯಿ, ತೆರೆದೇ ಇರುವ ಆ ಪುಟ್ಟ ಬಾಯಿ.